ಟಿ. ಸಿ. ಜೆರ್ಡನ್: ಹಕ್ಕಿಗಳ ಕುಲವನ್ನು ಅರಸಿದ ವೈದ್ಯ

ನಂದಿಬೆಟ್ಟಕ್ಕೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಟಿಪ್ಪುವಿನ ಕೋಟೆಯನ್ನೂ ಯೋಗನಂದೀಶ್ವರನ ಗುಡಿಯನ್ನೂ ಬೆಳಗಿನ ಮಂಜನ್ನೂ ನೋಡಿ ಸಂತೋಷಪಟ್ಟವರೆಲ್ಲರೂ, ಅಲ್ಲಿನ ಬಂಡೆಗಳ ನಡುವಣ ಪೊದೆಗಳಲ್ಲಿ ಸುಳಿಯುವ ಹಳದಿ ಕೊರಳಿನ ಪಿಕಳಾರವನ್ನು ನೋಡಿರಲಾರರು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಈ ಹಕ್ಕಿಯಿಲ್ಲ. ಇದಕ್ಕೆ 1845ರಲ್ಲಿ ಶಾಸ್ತ್ರೀಯವಾದ ಹೆಸರನ್ನಿಟ್ಟವರು ಥಾಮಸ್ ಕೇವರ್‌ಹಿಲ್ ಜೆರ್ಡನ್ ಎಂಬ ವೈದ್ಯರು. ಪಕ್ಷಿಶಾಸ್ತ್ರವನ್ನು ಬಲ್ಲವರಿಗೆ ಈ ಹೆಸರು ಚಿರಪರಿಚಿತ. ಜೆರ್ಡನ್ನರು ತೀರಿಕೊಂಡು ಹೆಚ್ಚುಕಡಿಮೆ ಒಂದೂವರೆ ಶತಮಾನವಾಗುವ ಹೊತ್ತಿಗೆ, ಅವರು ಹೆಸರಿಟ್ಟ ಎರಡು ಹಕ್ಕಿಗಳ ಕುಲವಿಚಾರವು ಮತ್ತೊಮ್ಮೆ ವಿಮರ್ಶೆಗೆ ಬಂದಿತು. ಆ ವಿಮರ್ಶೆ ನಡೆದದ್ದು ನಮ್ಮ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯ ಬದಿಯಲ್ಲಿ. ಆದ್ದರಿಂದ ಅವರ ಜೀವನವನ್ನು ತಿಳಿಯುವುದು ನಮಗೆ ದೂರದ ಕತೆಯಲ್ಲ.

ಜೆರ್ಡನ್ನರು 1811ನೆಯ ಇಸವಿ ಅಕ್ಟೋಬರ್ 12ರಂದು ಇಂಗ್ಲೆಂಡಿನ ಡರ್ಹಮ್ ಪ್ರಾಂತದಲ್ಲಿ ಜನಿಸಿದರು. ತಂದೆ ಆರ್ಚಿಬಾಲ್ಡ್ ಜೆರ್ಡನ್ ಸ್ಕಾಟ್ಲೆಂಡಿನ ಗಡಿನಾಡಿನವರು. 1828ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ತರುಣ ಜೆರ್ಡನ್ನರು ಆರಿಸಿಕೊಂಡದ್ದು ಸಾಹಿತ್ಯವನ್ನು. ಆದರೆ ಅಲ್ಲಿ ರಾಬರ್ಟ್ ಜೇಮ್ಸನ್ ಎಂಬ ಪ್ರಾಧ್ಯಾಪಕರು ನಡೆಸುತ್ತಿದ್ದ ಪ್ರಕೃತಿಚರಿತ್ರೆಯ ತರಗತಿಗೂ ಹೋಗಿ ಕುಳಿತರು. ಅನಂತರ ವೈದ್ಯಶಾಸ್ತ್ರವನ್ನು ಓದಿದರು. ನಮ್ಮಂಥ ಕಲಾವಿಭಾಗದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಪಾಠವುಂಟು: ಆರಿಸಿಕೊಂಡ ವಿಷಯದ ಬೇಲಿಯಾಚೆಯ ತರಗತಿಯಲ್ಲಿಯೇ ಕೆಲವೊಮ್ಮೆ ಬಾಳಿನ ಕೆಲಸ ಕಾದಿರುತ್ತದೆ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ನೇಮಕಗೊಂಡ ಅವರು 1836ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಬಂದಿಳಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಮೊದಲ ಕೆಲಸ ಗಂಜಾಂ ಜಿಲ್ಲೆಯಲ್ಲಿ. ಜ್ವರದಿಂದಲೂ ರಕ್ತಭೇದಿಯಿಂದಲೂ ನರಳುತ್ತಿದ್ದ ಸಿಪಾಯಿಗಳಿಗೆ ಔಷಧ ಕೊಡುವುದು ಅವರ ಪಾಲಿಗೆ ಬಂದ ಕರ್ತವ್ಯ. ಅದರ ನಡುವೆ ಬಿಡುವು ದೊರೆತಾಗಲೆಲ್ಲ ಪೂರ್ವಘಟ್ಟಗಳ ಹಕ್ಕಿಗಳನ್ನು ಸಂಗ್ರಹಿಸತೊಡಗಿದರು. ಹಕ್ಕಿಯ ಚರ್ಮವನ್ನು ಗರಿಸಮೇತ ಸುಲಿದು, ಒಣಗಿಸಿ, ಚೀಟಿ ಕಟ್ಟಿ ಇಡುವುದು ಅಂದಿನ ಪದ್ಧತಿ. ಹಾಗೆ ಸಿದ್ಧಪಡಿಸಿದ ಮಾದರಿಗಳನ್ನು ಸ್ಕಾಟ್ಲೆಂಡಿನ ಪಕ್ಷಿವಿದ್ವಾಂಸರಾದ ವಿಲಿಯಂ ಜಾರ್ಡೀನರಿಗೆ ಹೆಸರು ಹಚ್ಚಿಕೊಡಲೆಂದು ಕಳುಹಿಸಿದರು. ಅವು ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಜಾರ್ಡೀನರ ಮನೆಯನ್ನು ಮುಟ್ಟುವ ಹೊತ್ತಿಗೆ ನುಸಿ ಹತ್ತಿ ಹಾಳಾಗಿದ್ದವು.

ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಜೆರ್ಡನ್ನರು ಅಂದಿನಿಂದ ತಮ್ಮ ಕಣ್ಣನ್ನೇ ನಂಬಿದರು. ದೂರದ ಪಂಡಿತರ ಅಪ್ಪಣೆಗೆ ಕಾಯದೆ, ತಾವು ಕಂಡುದನ್ನು ತಾವೇ ಹೋಲಿಸಿ ನೋಡಿ, ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯೊಂದನ್ನು 1839ರಿಂದ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ 420 ಪ್ರಭೇದಗಳಿದ್ದವು. ಅದಕ್ಕೆ ಮೊದಲು ಕರ್ನಲ್ ಸೈಕ್ಸ್ ಎಂಬುವರು ದಖ್ಖನಿನ ಹಕ್ಕಿಗಳನ್ನು ಕುರಿತು ಮಾಡಿದ್ದ ಪಟ್ಟಿಗೆ ಇದು ಹೆಚ್ಚುಕಡಿಮೆ ಎರಡರಷ್ಟು.

1837ರಲ್ಲಿ ಅವರಿಗೆ ಅಶ್ವದಳವೊಂದರ ವೈದ್ಯರಾಗಿ ತಿರುಚಿರಾಪಳ್ಳಿಗೆ ವರ್ಗವಾಗಿತ್ತು. ದಂಡಿನೊಡನೆ ದಖ್ಖನಿನಲ್ಲಿ ಸುತ್ತಾಡುವ ಅವಕಾಶ ದೊರೆಯಿತು. ನೀಲಗಿರಿಯ ಶೋಲಾ ಕಾಡುಗಳ ಹಕ್ಕಿಗಳೂ ಅವರ ಪರಿಚಯಕ್ಕೆ ಬಂದವು. ಶೋಲಾ ಎಂದರೆ ಎತ್ತರದ ಬೆಟ್ಟಗಳ ಕಣಿವೆಗಳಲ್ಲಿ, ಹುಲ್ಲುಗಾವಲಿನ ನಡುವೆ ಗುಂಪುಗುಂಪಾಗಿ ಬೆಳೆದ ತಣ್ಣನೆಯ, ದಟ್ಟವಾದ ಕಾಡು. ಅಲ್ಲಿನ ಎರಡು ಹಕ್ಕಿಗಳೇ ನಮ್ಮ ಕತೆಯ ಮುಖ್ಯ ಪಾತ್ರಗಳು.

ಮೊದಲನೆಯದು ನಮ್ಮ ತೋಟಗಳ ಹರಟೆಮಲ್ಲನನ್ನು ಹೋಲುವ, ಆದರೆ ಗಟ್ಟಿಯಾಗಿ ನಕ್ಕಂತೆ ಕೂಗುವ ಹಕ್ಕಿ. ಇದನ್ನು ನಗೆಮಲ್ಲ ಎಂದು ಕರೆಯೋಣ. ಜೆರ್ಡನ್ನರು 1839ರಲ್ಲಿ ಇದಕ್ಕೆ ಕ್ರೇಟರೋಪಸ್ ಕ್ಯಾಕಿನಾನ್ಸ್ ಎಂದು ಹೆಸರಿಟ್ಟರು. ಕ್ಯಾಕಿನಾನ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಗಹಗಹಿಸಿ ನಗುವುದು ಎಂದರ್ಥ. ಎರಡನೆಯದು ಶೋಲೆಯ ನೆಲದ ಕತ್ತಲಲ್ಲಿ ಹುಳು ಹೆಕ್ಕುವ ಸಣ್ಣ ನೀಲಿ ಹಕ್ಕಿ. ಈಗ ಅದನ್ನು ಶೋಲಕಿಳಿ ಎನ್ನುತ್ತಾರೆ. ಮಲೆಯಾಳದಲ್ಲಿ ಕಿಳಿ ಎಂದರೆ ಹಕ್ಕಿ. 1840ರ ದಶಕದ ಆರಂಭದಲ್ಲಿ ಜೆರ್ಡನ್ನರು ಇದನ್ನು ಫೀನಿಕ್ಯೂರಾ ಮೇಜರ್ ಎಂದು ಕರೆದು, ಬಾಲ ಕುಣಿಸುವ ಕೆಂಬಾಲದ ಹಕ್ಕಿಗಳ ಬಳಗಕ್ಕೆ ಸೇರಿಸಿದರು.

ಇಲ್ಲಿ ಹೆಸರಿನ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಶಾಸ್ತ್ರೀಯ ನಾಮದಲ್ಲಿ ಎರಡು ಪದಗಳಿರುತ್ತವೆ. ಮೊದಲನೆಯದು ಕುಲದ ಹೆಸರು, ನಮ್ಮಲ್ಲಿ ಮನೆತನದ ಹೆಸರಿದ್ದ ಹಾಗೆ. ಎರಡನೆಯದು ಪ್ರಭೇದದ ಹೆಸರು, ತೊಟ್ಟಿಲಲ್ಲಿಟ್ಟ ಹೆಸರಿದ್ದ ಹಾಗೆ. ಹಕ್ಕಿಯೊಂದನ್ನು ಹೆಸರಿಸುವವನು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಇದು ಉಳಿದವುಗಳಿಂದ ಬೇರೆಯೇ? ಬೇರೆಯಾದರೆ, ಇದು ಯಾರ ನೆಂಟ? ಜೆರ್ಡನ್ನರ ಕಾಲದಲ್ಲಿ ಈ ಎರಡಕ್ಕೂ ಉತ್ತರ ಹೇಳಲು ಇದ್ದ ಸಾಧನಗಳೆಂದರೆ ಕೊಕ್ಕಿನ ಆಕಾರ, ಕಾಲಿನ ಉದ್ದ, ರೆಕ್ಕೆಯ ಅಳತೆ, ಗರಿಯ ಬಣ್ಣ, ಮತ್ತು ನೋಡುವವನ ಅನುಭವ.

1841ರಲ್ಲಿ ಜೆರ್ಡನ್ನರಿಗೆ ಫ್ಲೋರಾ ಮ್ಯಾಕ್ಲಾಯ್ಡ್ ಎಂಬುವರೊಡನೆ ವಿವಾಹವಾಯಿತು. ಆಕೆಗೂ ಗಿಡಗಳಲ್ಲಿ ಆಸಕ್ತಿಯಿತ್ತು. ನಮ್ಮ ಘಟ್ಟಗಳಲ್ಲಿ ಮರದ ಮೇಲೆ ಬೆಳೆಯುವ ಒಂದು ಚೆಲುವಾದ ಕರ್ಣಕುಂಡಲದ ಪ್ರಭೇದಕ್ಕೆ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟರು ಆಕೆಯ ಹೆಸರನ್ನಿಟ್ಟಿದ್ದಾರೆ. ಮುಂದೆ ಜೆರ್ಡನ್ನರು ನೆಲ್ಲೂರಿನಲ್ಲಿ ಸಿವಿಲ್ ಸರ್ಜನ್ ಆದರು. ಅಲ್ಲಿನ ಕಾಡುಗಳಲ್ಲಿ ವಾಸಿಸುತ್ತಿದ್ದ ಯಾನಾದಿಗಳು ಅವರಿಗೆ ಪ್ರಾಣಿಪಕ್ಷಿಗಳ ಹೆಸರುಗಳನ್ನೂ ನಡವಳಿಕೆಯನ್ನೂ ತಿಳಿಸಿಕೊಟ್ಟರು. 1843ರಿಂದ 1847ರವರೆಗೆ ಮದರಾಸಿನಲ್ಲಿ ಅಚ್ಚಾದ ಅವರ ಚಿತ್ರಗ್ರಂಥದಲ್ಲಿ 50 ಚಿತ್ರಗಳಿವೆ; ಅವನ್ನು ಬರೆದವರು ನಮ್ಮ ನಾಡಿನ ಚಿತ್ರಕಾರರು. ಅಕ್ಷರ ಬಾರದ ಹಿರಿಯರು ಕೂಗು ಕೇಳಿದ ಮಾತ್ರಕ್ಕೆ ಹಕ್ಕಿಯನ್ನು ಹೇಳಿಬಿಡುವುದನ್ನು ಹಳ್ಳಿಯಿಂದ ಬಂದ ನಮ್ಮಂಥವರು ಮನೆಯಲ್ಲಿಯೇ ಕಂಡಿದ್ದೇವೆ. ಅಂಥವರ ಅರಿವೂ ಈ ಶಾಸ್ತ್ರದ ತಳಹದಿಯಲ್ಲಿದೆ ಎಂಬುದನ್ನು ಮರೆಯಬಾರದು.

ನೆಲ್ಲೂರಿನಿಂದ ಮಲಬಾರಿನ ತಲಚೇರಿಗೆ ಬಂದ ಮೇಲೆ ವೈನಾಡು, ಕೊಡಗುಗಳ ಬೆಟ್ಟಗಳು ಹತ್ತಿರವಾದವು. ಇರುವೆಗಳನ್ನೂ ಹಾವು ಹಲ್ಲಿಗಳನ್ನೂ ಕುರಿತು ಅವರು ಬರೆದದ್ದು ಈ ಕಾಲದ ಸುಮಾರಿನಲ್ಲಿ. ವೈನಾಡಿನ ಬಾಣಾಸುರ ಶಿಖರದಲ್ಲಿ ಅವರಿಗೆ ಮತ್ತೊಂದು ಬಗೆಯ ನಗೆಮಲ್ಲ ಸಿಕ್ಕಿತು. ನೀಲಗಿರಿಯ ಹಕ್ಕಿಯ ಎದೆ ಕೆಂಗಂದು. ಇದರ ಎದೆ ಬೂದು. ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತರು 1851ರಲ್ಲಿ ಇದಕ್ಕೆ ಜೆರ್ಡನ್ನರ ಹೆಸರನ್ನೇ ಇಟ್ಟರು. ಕೊಡಗಿನ ಬ್ರಹ್ಮಗಿರಿಯಲ್ಲಿಯೂ ಈ ಹಕ್ಕಿಯುಂಟು.

ಆಮೇಲೆ ಜೆರ್ಡನ್ನರು ಉತ್ತರಕ್ಕೆ ಹೋದರು. ಮಧ್ಯಭಾರತದ ಸಾಗರದಲ್ಲಿ ಮತ್ತೆ ಅಶ್ವದಳದ ವೈದ್ಯರಾಗಿದ್ದರು. ಭಾರತದ ಬೆನ್ನೆಲುಬುಳ್ಳ ಪ್ರಾಣಿಗಳನ್ನೆಲ್ಲ ಕುರಿತು, ಊರಿಂದೂರಿಗೆ ಹೋಗುವವರು ಜೊತೆಯಲ್ಲಿ ಒಯ್ಯಬಹುದಾದ ಕೈಪಿಡಿಗಳನ್ನು ಬರೆಯಬೇಕೆಂಬುದು ಅವರ ಆಸೆ. ಲಾರ್ಡ್ ಕ್ಯಾನಿಂಗ್ ವೈಸ್‌ರಾಯರಾಗಿದ್ದಾಗ ಇದಕ್ಕೆಂದೇ ಅವರನ್ನು ವಿಶೇಷ ಕೆಲಸದ ಮೇಲೆ ನೇಮಿಸಲಾಯಿತು. ಅದರ ಫಲವೇ 1862ರಿಂದ 1864ರವರೆಗೆ ಹೊರಬಂದ, ಭಾರತದ ಪಕ್ಷಿಗಳನ್ನು ಕುರಿತ ಮಹಾಗ್ರಂಥ. ಇದರಲ್ಲಿ ಸಾವಿರಕ್ಕೂ ಮಿಕ್ಕಿದ ಹಕ್ಕಿಗಳ ವರ್ಣನೆಯಿದೆ. ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ಹಕ್ಕಿಗಳು ಒಂದೇ ಗ್ರಂಥದಲ್ಲಿ ಕ್ರಮವಾಗಿ ದೊರೆಯುವಂತಾದ ಮೇಲೆಯೇ ನಮ್ಮ ದೇಶದಲ್ಲಿ ಪಕ್ಷಿಶಾಸ್ತ್ರಕ್ಕೆ ಕಾಲು ಬಂದಿತೆನ್ನಬಹುದು. 1867ರಲ್ಲಿ ಸಸ್ತನಿಗಳ ಗ್ರಂಥವೂ ಬಂದಿತು.

ಆದರೆ ಅವರು ಬರೆದ ಕಾಲ ಎಂಥದು? ಡಾರ್ವಿನ್ನರ ಪುಸ್ತಕ ಪ್ರಕಟವಾದದ್ದು 1859ರಲ್ಲಿ. ಜೀವಿಗಳೆಲ್ಲ ಒಂದೇ ಮರದ ಕೊಂಬೆಗಳು, ಆದ್ದರಿಂದ ವರ್ಗೀಕರಣವೆಂದರೆ ವಂಶಾವಳಿ ಎಂಬ ವಿಚಾರ ಆಗಿನ್ನೂ ಎಳೆಯದು. ಜೆರ್ಡನ್ನರು ಅದನ್ನು ಓದಿದ್ದರೂ ಪೂರ್ಣವಾಗಿ ಒಪ್ಪಿರಲಿಲ್ಲ. ಬೇಟೆಯಾಡುವ ಹಕ್ಕಿಗಳು, ಕೊಂಬೆಯ ಮೇಲೆ ಕೂರುವ ಹಕ್ಕಿಗಳು, ನೀರಿನಲ್ಲಿ ನಡೆಯುವ ಹಕ್ಕಿಗಳು, ಈಜುವ ಹಕ್ಕಿಗಳು ಎಂಬ ಹಳೆಯ ವಿಭಾಗಗಳಲ್ಲಿಯೇ ಅವರು ತಮ್ಮ ಗ್ರಂಥವನ್ನು ಜೋಡಿಸಿದರು. ಮಾಡುವ ಕಸುಬನ್ನೂ ತೊಟ್ಟ ಉಡುಪನ್ನೂ ನೋಡಿ ನೆಂಟಸ್ತನವನ್ನು ಊಹಿಸಿದ ಹಾಗಾಯಿತು. ಬೇರೆ ಸಾಕ್ಷಿ ಇಲ್ಲದಿದ್ದಾಗ ಹಾಗಲ್ಲದೆ ಇನ್ನು ಹೇಗೆ ಊಹಿಸಬೇಕು?

1868ರಲ್ಲಿ ಜೆರ್ಡನ್ನರು ಕೆಲಸದಿಂದ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಅಸ್ಸಾಮಿಗೆ ಹೋದರು. ಅಲ್ಲಿ ಜ್ವರ ಹತ್ತಿ ದೇಹ ಕುಗ್ಗಿತು. 1870ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದರು. 1872ನೆಯ ಇಸವಿ ಜೂನ್ 12ರಂದು ಲಂಡನ್ನಿನ ಅಪ್ಪರ್ ನಾರ್‌ವುಡ್ಡಿನಲ್ಲಿ ತಮ್ಮ ಅರುವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಜ್ವರದ ರೋಗಿಗಳನ್ನು ನೋಡುತ್ತ ಆರಂಭವಾದ ಬದುಕು ಜ್ವರದಿಂದಲೇ ಕುಂದಿದ್ದು ವಿಧಿಯ ವಿಚಿತ್ರ.

ವಿದ್ವಾಂಸನ ಚರಿತ್ರೆ ಅವನ ಮರಣದೊಂದಿಗೆ ಮುಗಿಯುವುದಿಲ್ಲ. ಅವನು ಬರೆದದ್ದನ್ನು ಮುಂದಿನವರು ತಿದ್ದುತ್ತ ಹೋಗುತ್ತಾರೆ. ಜೆರ್ಡನ್ನರ ನೀಲಿ ಹಕ್ಕಿಯ ಕುಲವು ಮನೆಯಿಂದ ಮನೆಗೆ ಅಲೆಯಿತು. ಇಪ್ಪತ್ತನೆಯ ಶತಮಾನದ ಪಂಡಿತರು ಅದನ್ನು ಕಿರುರೆಕ್ಕೆಯ ಹಕ್ಕಿಗಳ ಬ್ರಾಕಿಪ್ಟೆರಿಕ್ಸ್ ಕುಲಕ್ಕೆ ಹಾಕಿದರು. 2005ರಲ್ಲಿ ಬಂದ ಗ್ರಂಥವೊಂದು ಮಯೊಮೆಲಾ ಕುಲಕ್ಕೆ ವರ್ಗಾಯಿಸಿತು. ಪಳನಿ ಬೆಟ್ಟದಲ್ಲಿ ಬಿಳಿ ಹೊಟ್ಟೆಯ ಇಂಥದೇ ಹಕ್ಕಿಯುಂಟು. ಹತ್ತೊಂಬತ್ತನೆಯ ಶತಮಾನದವರು ಅದಕ್ಕೆ ಬೇರೆ ಹೆಸರಿಟ್ಟಿದ್ದರೂ, ಸಲೀಂ ಅಲಿ ಮತ್ತು ರಿಪ್ಲಿಯವರ ಪ್ರಸಿದ್ಧ ಗ್ರಂಥಮಾಲೆಯು ಎರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಎಣಿಸಿತು. ನಗೆಮಲ್ಲಗಳ ವಿಷಯದಲ್ಲಿಯೂ ಹೀಗೆಯೇ. ಕೊಡಗಿನ ಬೂದುಎದೆಯ ಹಕ್ಕಿಯೂ ಪಾಲಕ್ಕಾಡು ಕಣಿವೆಯಾಚೆಯ ಪಳನಿಯ ಬೂದುಎದೆಯ ಹಕ್ಕಿಯೂ ಒಂದೇ ಪ್ರಭೇದವೆಂದೂ, ನಡುವಣ ನೀಲಗಿರಿಯ ಕೆಂಗಂದು ಎದೆಯದು ಮಾತ್ರ ಬೇರೆಯೆಂದೂ ತೀರ್ಮಾನವಾಯಿತು. ಇವೆಲ್ಲ ಹಿಮಾಲಯದ ನಗೆಮಲ್ಲಗಳ ದಾಯಾದಿಗಳೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಈಗ ಬಳ್ಳಾರಿ ರಸ್ತೆಗೆ ಬರೋಣ. ಜಿ.ಕೆ.ವಿ.ಕೆ. ಎಂದು ನಾವು ಕರೆಯುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅದರ ಎದುರು ಬಸ್ಸಿನಲ್ಲಿ ದಿನವೂ ಓಡಾಡುವ ನಮಗೆ ಒಳಗೆ ನಡೆಯುವುದೇನೆಂದು ತಿಳಿಯದು. ಅಲ್ಲಿನ ಉಮಾ ರಾಮಕೃಷ್ಣನ್, ಅಲ್ಲಿ ಸಂಶೋಧನೆ ಮಾಡಿದ ವಿ. ವಿ. ರಾಬಿನ್ ಮತ್ತು ಅವರ ಸಂಗಡಿಗರು ಪಶ್ಚಿಮಘಟ್ಟಗಳ ಶಿಖರ ಶಿಖರಗಳನ್ನು ಹತ್ತಿ, ಬಲೆಯಲ್ಲಿ ಹಕ್ಕಿಗಳನ್ನು ಹಿಡಿದು, ಒಂದು ತೊಟ್ಟು ರಕ್ತವನ್ನು ತೆಗೆದುಕೊಂಡು ಮತ್ತೆ ಹಾರಿಬಿಟ್ಟರು. ಆ ರಕ್ತದಲ್ಲಿ ಅವರು ಓದಿದ್ದು ಡಿ.ಎನ್.ಎ. ಎಂಬ ವಂಶದ ಬರಹವನ್ನು.

ಈ ಓದಿನ ಕ್ರಮವು ಕನ್ನಡ ವಿಭಾಗದ ಮಿತ್ರರಿಗೆ ಸುಲಭವಾಗಿ ತಿಳಿಯುತ್ತದೆ. ಹಳೆಯ ಕಾವ್ಯವೊಂದನ್ನು ಸಂಪಾದಿಸುವಾಗ ಹಲವು ತಾಳೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತು ಮಾಡುತ್ತಾರಷ್ಟೆ. ಲಿಪಿಕಾರನು ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲಿಯೂ ಆ ತಪ್ಪು ಉಳಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ತಪ್ಪುಗಳು ಬಹಳವಾಗಿದ್ದರೆ ಅವೆರಡಕ್ಕೂ ಮೂಲಪ್ರತಿ ಒಂದೇ ಎನ್ನುತ್ತೇವೆ. ಹೊದಿಸಿದ ಬಟ್ಟೆಯ ಬಣ್ಣ ಒಂದೇ ಎಂದು ಎರಡು ಪ್ರತಿಗಳನ್ನು ಒಂದೇ ಮೂಲದವೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಡಿ.ಎನ್.ಎ.ಯೂ ತಲೆಯಿಂದ ತಲೆಗೆ ಪ್ರತಿಯಾಗುತ್ತ ಬರುವ ಬರಹ. ಅದರಲ್ಲಿಯೂ ಆಗಾಗ ಅಕ್ಷರ ಬದಲಾಗುತ್ತದೆ. ಹಂಚಿಕೊಂಡ ಬದಲಾವಣೆಗಳು ನೆಂಟಸ್ತನವನ್ನು ಹೇಳುತ್ತವೆ. ವ್ಯತ್ಯಾಸಗಳ ಮೊತ್ತವು ಬೇರೆಯಾಗಿ ಎಷ್ಟು ಕಾಲವಾಯಿತೆಂಬುದನ್ನು ಅಂದಾಜು ಮಾಡಿಕೊಡುತ್ತದೆ. ಗರಿಯ ಬಣ್ಣವಾದರೋ ಮೇಲುಹೊದಿಕೆ. ಒಂದೇ ಬಗೆಯ ಕಾಡಿನಲ್ಲಿ ಬಾಳುವ ಬೇರೆ ಬೇರೆ ವಂಶದ ಹಕ್ಕಿಗಳು ಕಾಲಕ್ರಮದಲ್ಲಿ ಒಂದೇ ಬಗೆಯ ಉಡುಪು ತೊಡಬಹುದು. ಒಡಹುಟ್ಟಿದವು ಬೇರೆ ಬಣ್ಣ ತಾಳಬಹುದು.

2010ರಲ್ಲಿ ರಾಬಿನ್, ಅನಿಂದ್ಯ ಸಿನ್ಹಾ ಮತ್ತು ಉಮಾ ರಾಮಕೃಷ್ಣನ್ನರು ಮೊದಲ ಫಲಿತಾಂಶವನ್ನು ಪ್ರಕಟಿಸಿದರು. ನೀಲಗಿರಿಯ ನೀಲಿ ಹಕ್ಕಿಯೂ ಪಳನಿಯ ಬಿಳಿಹೊಟ್ಟೆಯ ಹಕ್ಕಿಯೂ ದಶಲಕ್ಷಗಟ್ಟಲೆ ವರ್ಷಗಳ ಹಿಂದೆಯೇ ಅಗಲಿದ್ದವು. ನಡುವೆ ಇರುವ ಪಾಲಕ್ಕಾಡು ಕಣಿವೆ ಹತ್ತಾರು ಕಿಲೋಮೀಟರ್ ಅಗಲದ ತಗ್ಗು. ತಣ್ಣನೆಯ ಶೋಲೆಯನ್ನು ಬಿಟ್ಟು ಬಾಳಲಾರದ ಈ ಹಕ್ಕಿಗೆ ಆ ಬಿಸಿ ಬಯಲು ಸಮುದ್ರಕ್ಕೆ ಸಮಾನ. ಒಂದೊಂದು ಬೆಟ್ಟವೂ ಒಂದೊಂದು ದ್ವೀಪ.

2017ರಲ್ಲಿ ರಾಬಿನ್, ಸಿ. ಕೆ. ವಿಷ್ಣುದಾಸ್, ಸುಷ್ಮಾ ರೆಡ್ಡಿ ಮೊದಲಾದವರು ಸೇರಿ ಪ್ರಕಟಿಸಿದ ಲೇಖನವು ಇನ್ನೂ ದೊಡ್ಡ ಸಂಗತಿಯನ್ನು ಹೊರಗೆಡಹಿತು. ನೀಲಿ ಹಕ್ಕಿಯು ಕೆಂಬಾಲದ ಬಳಗದ್ದೂ ಅಲ್ಲ, ಕಿರುರೆಕ್ಕೆಯ ಬಳಗದ್ದೂ ಅಲ್ಲ. ಅದು ನೀಲಿ ನೊಣಹಿಡುಕಗಳ ನೆಂಟ. ನಮ್ಮ ಬೆಟ್ಟಗಳ ನಗೆಮಲ್ಲಗಳಿಗೆ ಹಿಮಾಲಯದ ನಗೆಮಲ್ಲಗಳು ಹತ್ತಿರದ ದಾಯಾದಿಗಳಲ್ಲ. ಎರಡು ಗುಂಪುಗಳೂ ಪಶ್ಚಿಮಘಟ್ಟಗಳಲ್ಲಿಯೇ ಬೆಳೆದು ಕವಲೊಡೆದವು. ಆದ್ದರಿಂದ ಎರಡು ಹೊಸ ಕುಲಗಳನ್ನು ಸ್ಥಾಪಿಸಬೇಕಾಯಿತು: ನೀಲಿ ಹಕ್ಕಿಗೆ ಶೋಲಿಕೋಲಾ, ಎಂದರೆ ಶೋಲೆಯ ನಿವಾಸಿ, ನಗೆಮಲ್ಲಗಳಿಗೆ ಮೊಂಟೆಸಿಂಕ್ಲಾ, ಎಂದರೆ ಬೆಟ್ಟದ ಹಾಡುಹಕ್ಕಿ. ಕೊಡಗಿನ ಬೂದುಎದೆಯ ನಗೆಮಲ್ಲನಿಗೆ ಸೋದರನಾದದ್ದು ಪಳನಿಯ ಬೂದುಎದೆಯದಲ್ಲ, ಕಣಿವೆಯ ಈಚೆಗಿರುವ ನೀಲಗಿರಿಯ ಕೆಂಗಂದು ಎದೆಯದು. ಎದೆಯ ಬಣ್ಣ ಪಂಡಿತರನ್ನು ಮೋಸಗೊಳಿಸಿತ್ತು.

ಇದು ನಮ್ಮ ಘಟ್ಟಗಳಲ್ಲಿ ಮಾತ್ರ ನಡೆದ ಮಾತಲ್ಲ. ಹದ್ದು, ಚಾಣ ಎರಡೂ ಬಾಗಿದ ಕೊಕ್ಕಿನ ಬೇಟೆಗಾರರಾದ ಕಾರಣ ಜೆರ್ಡನ್ನರ ಗ್ರಂಥದಲ್ಲಿ ಅವು ಒಂದೇ ವಿಭಾಗದಲ್ಲಿವೆ. 2008ರಲ್ಲಿ ಪ್ರಕಟವಾದ ವಂಶವಾಹಿಗಳ ದೊಡ್ಡ ಅಧ್ಯಯನವೊಂದು ಚಾಣವು ಹದ್ದಿಗಿಂತ ಗಿಳಿಗೆ ಹತ್ತಿರವೆಂದು ತೋರಿಸಿತು. ಹೆಬ್ಬಾಳದ ಕೆರೆಯಲ್ಲಿ ಮುಳುಗಿ ಏಳುವ ಪುಟ್ಟ ಗುಳುಮುಳುಕಕ್ಕೂ ನೀಳಗಾಲಿನ ರಾಜಹಂಸಕ್ಕೂ ನೋಟದಲ್ಲಿ ಏನೇನೂ ಹೋಲಿಕೆಯಿಲ್ಲ. ಆದರೂ ಅವು ಹತ್ತಿರದ ಬಂಧುಗಳು.

ಹಾಗಾದರೆ ಜೆರ್ಡನ್ನರು ಸೋತರೆ? ಅವರು ಉತ್ತರಿಸಿದ ಎರಡು ಪ್ರಶ್ನೆಗಳನ್ನು ನೆನೆಯೋಣ. ಇದು ಯಾರ ನೆಂಟ ಎಂಬ ಪ್ರಶ್ನೆಗೆ ಅವರ ಉತ್ತರ ತಪ್ಪಾಯಿತು. ಇದು ಬೇರೆಯೇ ಎಂಬ ಪ್ರಶ್ನೆಗೆ ಅವರ ಉತ್ತರ ನಿಂತಿತು. ಮೇಜರ್, ಕ್ಯಾಕಿನಾನ್ಸ್ ಎಂದು ಅವರು ತೊಟ್ಟಿಲಲ್ಲಿಟ್ಟ ಹೆಸರುಗಳು ಇಂದಿಗೂ ಹಾಗೆಯೇ ಉಳಿದಿವೆ. ಬದಲಾದದ್ದು ಮನೆತನದ ಹೆಸರು ಮಾತ್ರ. ಅವರೂ ಅವರ ಸಮಕಾಲೀನರೂ ಪ್ರತ್ಯೇಕವೆಂದದ್ದನ್ನು ನಡುವಣ ತಲೆಮಾರಿನವರು ಒಂದುಗೂಡಿಸಿದರು, ಡಿ.ಎನ್.ಎ. ಮತ್ತೆ ಬಿಡಿಸಿತು. ಡಿ.ಎನ್.ಎ.ಯೂ ಒಂಟಿಯಾಗಿ ತೀರ್ಪು ಕೊಡಲಿಲ್ಲ. ಹೊಸ ಸಂಶೋಧಕರು ಹಾಡನ್ನೂ ಅಳತೆಯನ್ನೂ ಗರಿಯ ಬಣ್ಣವನ್ನೂ ಅದರೊಡನೆ ಸೇರಿಸಿಯೇ ತೂಗಿದರು. ಎಷ್ಟು ದೂರ ಸರಿದರೆ ಬೇರೆ ಪ್ರಭೇದ ಎಂದು ಗೆರೆ ಎಳೆಯುವವನು ಇಂದಿಗೂ ಮನುಷ್ಯನೇ.

ಹೆಸರಿನ ಈ ಜಗಳ ಪಂಡಿತರ ಕಾಲಕ್ಷೇಪವೆಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ಬೂದುಎದೆಯ ನಗೆಮಲ್ಲಗಳೆಲ್ಲ ಒಂದೇ ಪ್ರಭೇದವಾಗಿದ್ದಾಗ, ಒಂದು ಬೆಟ್ಟದಲ್ಲಿ ಅಳಿದರೂ ಮತ್ತೊಂದರಲ್ಲಿ ಉಳಿದಿದೆ ಎಂದು ಸಮಾಧಾನ ಹೇಳಬಹುದಾಗಿತ್ತು. ಈಗ ಹಾಗೆ ಹೇಳುವಂತಿಲ್ಲ. ಜೆರ್ಡನ್ನರ ಹೆಸರನ್ನು ಹೊತ್ತ ಹಕ್ಕಿ ವೈನಾಡು, ಕೊಡಗುಗಳ ಕೆಲವೇ ಶಿಖರಗಳಲ್ಲಿದೆ. ಅದನ್ನು ಅಳಿವಿನಂಚಿನ ಹಕ್ಕಿಗಳ ಪಟ್ಟಿಗೆ ಸೇರಿಸಿದ್ದಾರೆ. ಅಲ್ಲಿನ ಶೋಲೆ ಹೋದರೆ ಅದರ ಜಾಗವನ್ನು ತುಂಬಲು ಜಗತ್ತಿನಲ್ಲಿ ಬೇರೆ ಹಕ್ಕಿಯಿಲ್ಲ.

ಪ್ರಾಣಿಶಾಸ್ತ್ರದಲ್ಲಿ ಒಂದು ನಿಯಮವುಂಟು. ಮೊದಲು ಹೆಸರಿಟ್ಟವನ ಹೆಸರನ್ನು ಶಾಸ್ತ್ರೀಯ ನಾಮದ ಕೊನೆಯಲ್ಲಿ ಬರೆಯುತ್ತಾರೆ. ಅವನು ಹೇಳಿದ ಕುಲ ಮುಂದೆ ಬದಲಾದರೆ, ಅವನ ಹೆಸರನ್ನು ಕಂಸದೊಳಗೆ ಹಾಕುತ್ತಾರೆ. ಇಂದಿನ ಪಟ್ಟಿಗಳಲ್ಲಿ ಶೋಲಕಿಳಿಯ ಮುಂದೆಯೂ ನೀಲಗಿರಿಯ ನಗೆಮಲ್ಲನ ಮುಂದೆಯೂ ಜೆರ್ಡನ್ನರ ಹೆಸರು ಕಂಸದೊಳಗಿದೆ. ಇವರು ನೆಂಟಸ್ತನವನ್ನು ತಪ್ಪಾಗಿ ತಿಳಿದರು ಎಂಬುದಕ್ಕೂ, ಇವರು ಮೊದಲು ಕಂಡರು ಎಂಬುದಕ್ಕೂ ಅದೊಂದೇ ಗುರುತು. ನುಸಿ ತಿಂದ ಮಾದರಿಗಳಿಗಾಗಿ ಕೊರಗದೆ ಕಣ್ಣಾರೆ ಕಂಡುದನ್ನು ನಿಷ್ಠೆಯಿಂದ ಬರೆದಿಟ್ಟ ವೈದ್ಯರಿಗೆ ಈ ಗೌರವ ಸಲ್ಲತಕ್ಕದ್ದೇ. ತಿದ್ದಿಸಿಕೊಳ್ಳಲು ಯೋಗ್ಯವಾದುದನ್ನು ಬಿಟ್ಟುಹೋಗುವುದೂ ಒಂದು ಸಾಧನೆಯೇ ಅಲ್ಲವೆ?